‘ನೋಡೋಣಪ್ಪ’ ಅಂದವರ ಮನೆಗೆ ಮತ್ತೆ ಹೋಗುವುದು ಹೇಗೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ವಾರವೆಲ್ಲ ಬೆಂಗಳೂರಿನಲ್ಲಿ ಕೆಲಸ, ಭಾನುವಾರ ಊರು. ಗ್ರಾಮ ಪಂಚಾಯಿತಿ ಚುನಾವಣೆಗೆ ನಮ್ಮ ವಾರ್ಡಿನಿಂದ ನಮಗೆಲ್ಲ ಬೇಕಾದ ಅಕ್ಕ ಒಬ್ಬರು ನಿಲ್ಲಲಿದ್ದಾರೆ. ಮೂರು ಸ್ಥಾನ, ಸುಮಾರು 860 ಓಟು. ನಾವು ಆರು ಜನ ಸ್ನೇಹಿತರು ಯಾರಿಂದಲೂ ಒಂದು ರೂಪಾಯಿ ಪಡೆಯದೆ ಮನೆ ಮನೆಗೆ ಹೋಗಲು ಶುರು ಮಾಡಿದ್ದೇವೆ. ಎಲ್ಲರೂ ನಗುನಗುತ್ತಾ ಕೂರಿಸುತ್ತಾರೆ, ಕೊನೆಗೆ ‘ನೋಡೋಣಪ್ಪ’ ಅಂತಾರೆ. ಇವರನ್ನು ಒಲಿಸಿಕೊಳ್ಳುವುದು ಹೇಗೆ? ಕೊನೆಯ ರಾತ್ರಿ ಯಾರಾದರೂ ದುಡ್ಡು ಹಂಚಿದರೆ ನಮ್ಮ ಓಡಾಟವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುವುದಿಲ್ಲವೇ?

ಉತ್ತರ: ಈ ‘ನೋಡೋಣಪ್ಪ’ ನನಗೆ ಬಹಳ ಪರಿಚಯದ ಮಾತು. ಬಾಗೇಪಲ್ಲಿ, ಚಿಂತಾಮಣಿ ಕಡೆ ಅದೇ ಮಾತು ತೆಲುಗಿನಲ್ಲಿ ‘ಚೂದ್ದಾಂಲೇ’ ಆಗುತ್ತದೆ. ಇಪ್ಪತ್ತು ವರ್ಷದಿಂದ ಈ ಸೀಮೆಯ ಹುಡುಗ ಹುಡುಗಿಯರಿಗೆ ಮನೆ ಮನೆ ಪ್ರಚಾರ ಕಲಿಸುತ್ತಾ ಬಂದಿದ್ದೇನೆ. ಹೊಸಬರು ಎಡವುವುದು ಇಲ್ಲೇ. ನೋಡೋಣ ಅಂದವರೆಲ್ಲ ಇನ್ನೂ ಮನಸ್ಸು ಮಾಡದವರು ಅಂದುಕೊಂಡು ಅಷ್ಟೂ ಮನೆಗಳ ಹಿಂದೆ ಬೀಳುತ್ತಾರೆ, ಹದಿನೈದೇ ದಿನದಲ್ಲಿ ಸುಸ್ತಾಗಿ ಕೈಬಿಡುತ್ತಾರೆ.

ನಮ್ಮ ಕಡೆ ಮನೆ ಬಾಗಿಲಿಗೆ ಬಂದವರಿಗೆ ‘ಇಲ್ಲ’ ಅನ್ನುವ ರೂಢಿ ಇಲ್ಲ. ಹಾಗಾಗಿ ಎದುರಾಳಿಗೆ ಓಟು ಹಾಕಲು ಆಗಲೇ ತೀರ್ಮಾನಿಸಿದವರೂ ನೋಡೋಣ ಅಂತಾರೆ. ನಿಮ್ಮ ಅಕ್ಕನಿಗೇ ಹಾಕುವವರು, ಆದರೆ ಪಕ್ಕದ ಮನೆಯವರ ಕಿವಿಗೆ ಬೀಳಬಾರದು ಅನ್ನುವವರೂ ಅದನ್ನೇ ಹೇಳುತ್ತಾರೆ. ಜಮೀನು, ಕೂಲಿ, ಸಾಲ ಯಾವುದೋ ಒಂದಕ್ಕೆ ಊರಿನ ದೊಡ್ಡ ಮನೆಯ ಹಂಗಿನಲ್ಲಿರುವವರು ಭಯಕ್ಕೆ ಹಾಗನ್ನುತ್ತಾರೆ. ಹಿಂದಿನ ಸಲದ ಮೆಂಬರು ಕಷ್ಟಕ್ಕೆ ಬರಲಿಲ್ಲ ಎಂಬ ನೋವಿರುವವರದು ಇನ್ನೊಂದು ‘ನೋಡೋಣ’. ಇವರನ್ನೆಲ್ಲ ಕಳೆದರೆ ಉಳಿಯುವವರು ನಿಜವಾಗಿ ಮನಸ್ಸು ಮಾಡದವರು. 860ರಲ್ಲಿ ಅವರು ನೂರೋ ನೂರೈವತ್ತೋ ಇರಬಹುದು. ಮೊದಲ ಸುತ್ತಿನಲ್ಲಿ ನಿಮ್ಮ ಕೆಲಸ ಓಟು ಕೇಳುವುದಕ್ಕಿಂತ ಹೆಚ್ಚಾಗಿ ಈ ನೂರು ಚಿಲ್ಲರೆ ಜನ ಯಾರು ಅಂತ ಹುಡುಕುವುದು.

ಅದಕ್ಕೆ ಮತದಾರರ ಪಟ್ಟಿ ಹಿಡಿದು ಕೂರಬೇಕು. ಪಟ್ಟಿಯನ್ನು ಆರು ಜನ ಹಂಚಿಕೊಳ್ಳಿ, ಒಬ್ಬೊಬ್ಬರಿಗೆ ನೂರ ನಲವತ್ತು ಹೆಸರು ಬರುತ್ತದೆ. ಮನೆಯಿಂದ ಹೊರಬಂದ ಕೂಡಲೇ ಹೆಸರಿನ ಮುಂದೆ ಒಂದು ಗುರುತು ಹಾಕಿ: ನಮ್ಮವರು, ಅವರ ಕಡೆಯವರು, ಗೊತ್ತಾಗಲಿಲ್ಲ. ಅನುಮಾನ ಇದ್ದರೆ ‘ಗೊತ್ತಾಗಲಿಲ್ಲ’ ಅಂತಲೇ ಬರೆಯಿರಿ, ನಿಮ್ಮ ಆಸೆಯನ್ನು ಬರೆಯಬೇಡಿ. ಆ ಪುಸ್ತಕವನ್ನು ಮನೆಯವರ ಎದುರು ತೆಗೆಯಬೇಡಿ, ಫೋಟೊ ಹೊಡೆದು ವಾಟ್ಸಾಪ್‌ಗೆ ಹಾಕಬೇಡಿ. ಯಾರ ಮನೆಯ ಮುಂದೆ ಯಾವ ಗುರುತಿದೆ ಅನ್ನುವುದು ಊರಿಗೆ ಗೊತ್ತಾದ ದಿನ ನಿಮಗೆ ಬಾಗಿಲು ಮುಚ್ಚುತ್ತದೆ, ಆ ಮನೆಯವರಿಗೂ ತೊಂದರೆ.

ಪಟ್ಟಿ ನೋಡುವಾಗ ಒಂದು ಗುಂಪಿನ ಮೇಲೆ ವಿಶೇಷ ಗಮನ ಇಡಿ, ಇತ್ತೀಚೆಗೆ ಮದುವೆಯಾಗಿ ಬಂದ ಸೊಸೆಯಂದಿರ ಮೇಲೆ. ಊರಿನ ಹಳೆಯ ಪಾರ್ಟಿ ಜಗಳ ಅವರದಲ್ಲ, ಯಾರ ಋಣವೂ ಇಲ್ಲ. ನಿಜವಾಗಿ ತೂಗಿ ನೋಡಿ ಓಟು ಹಾಕುವವರು ಅವರಲ್ಲಿ ಹೆಚ್ಚು. ಆದರೆ ಎಷ್ಟೋ ಜನರ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇರುತ್ತದೆ. ಪಂಚಾಯಿತಿ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದ. ಅದರಲ್ಲಿ ವಿಳಾಸ ಬದಲಿಸಲು ನಮೂನೆ 8, ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಪಟ್ಟಿ ಅಂತಿಮವಾದ ಮೇಲೆ ಯಾರ ಕಾಲು ಹಿಡಿದರೂ ಆಗುವುದಿಲ್ಲ, ಈಗಲೇ ಮಾಡಿಸಿ. ಯಾವ ಪಕ್ಷದ ಮನೆ ಅಂತ ನೋಡದೆ ಎಲ್ಲರಿಗೂ ಮಾಡಿಸಿಕೊಡಿ. ಇವರ ಹತ್ತಿರ ಮಾತಾಡಲು ನಿಮ್ಮ ಆರು ಜನ ಗಂಡು ಹುಡುಗರು ಹೋದರೆ ಮಾತು ಅತ್ತೆಯ ಹತ್ತಿರವೇ ನಿಲ್ಲುತ್ತದೆ. ನಿಮ್ಮ ಅಕ್ಕ ಅಥವಾ ನಿಮ್ಮ ತಂಗಿಯಂದಿರು ಹೋಗಲಿ.

ಇನ್ನು ಬಾಗಿಲಲ್ಲಿ ನಿಂತಾಗ ಏನು ಮಾಡಬೇಕು ಅನ್ನುವುದು. ನಿಮ್ಮದು ರೇಷ್ಮೆ ಸೀಮೆ, ಅಲ್ಲಿನದೇ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಿಮ್ಮ ತಾಲ್ಲೂಕಿನದೇ ಒಂದು ಊರಿನಲ್ಲಿ ಒಬ್ಬ ಉತ್ಸಾಹಿ ಹುಡುಗನ ಜೊತೆ ಮನೆ ಮನೆ ಸುತ್ತುತ್ತಿದ್ದೆ. ಒಂದು ಮನೆಯ ಹಿತ್ತಲಲ್ಲಿ ಹುಳುವಿನ ಮನೆ. ನಾಲ್ಕನೇ ಜ್ವರದಿಂದ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳು, ಇನ್ನೊಂದೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಆ ಹೊತ್ತಿಗೆ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮನೆಯವರಿಗೆ ಊಟ ನಿದ್ದೆ ಎರಡೂ ಇರುವುದಿಲ್ಲ. ಆಯಮ್ಮ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಆಗಷ್ಟೇ ಬಂದಿದ್ದರು. ನಮ್ಮ ಹುಡುಗ ಮೈತುಂಬ ಸೆಂಟು ಹಾಕಿಕೊಂಡು, ಚಪ್ಪಲಿ ಕಾಲಲ್ಲೇ ಹುಳುವಿನ ಮನೆಯ ಹೊಸ್ತಿಲು ದಾಟಿ ಕೈಗೆ ಪಾಂಪ್ಲೆಟ್ ಕೊಡಲು ಹೋದ. ಹೊರಗಿನವರ ಕಾಲಿನಲ್ಲಿ ಬರುವ ರೋಗಕ್ಕೆ ಒಂದು ಬೆಳೆಯೇ ಹೋಗಬಹುದು. ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿರುವುದು ಅದಕ್ಕೇ. ಆಯಮ್ಮ ಬೈಯಲಿಲ್ಲ. ‘ಆಯ್ತಪ್ಪ, ನೋಡೋಣ’ ಅಂದರು. ಆ ‘ನೋಡೋಣ’ದ ಅರ್ಥ ಏನು ಅಂತ ನಾನು ಹುಡುಗನಿಗೆ ದಾರಿಯಲ್ಲಿ ಹೇಳಬೇಕಾಯಿತು.

ಗೂಡು ಮಾರಿ ಬಂದ ಮೇಲೆ, ಹತ್ತು ದಿನ ಬಿಟ್ಟು, ಮತ್ತೆ ಹೋದೆವು. ಹುಡುಗ ಮೊದಲು ತಪ್ಪಾಯಿತಮ್ಮ ಅಂದ. ಗೂಡಿಗೆ ಏನು ರೇಟು ಬಂತು ಅಂತ ಕೇಳಿದ. ಅಷ್ಟಕ್ಕೇ ಮಾತು ಹೊರಟಿತು. ಅತ್ತೆಯ ಪಿಂಚಣಿ ಆಧಾರ್‌ನಲ್ಲಿ ವಯಸ್ಸು ತಪ್ಪಾಗಿದ್ದಕ್ಕೆ ನಿಂತುಹೋಗಿತ್ತು. ಆ ವಾರ್ಡಿನ ಮೆಂಬರನ್ನು ಕೇಳಿದರೆ ಎರಡು ವರ್ಷದಿಂದ ‘ಮಾಡಿಸೋಣ’ ಅನ್ನುತ್ತಲೇ ಇದ್ದರಂತೆ. ನಲವತ್ತು ನಿಮಿಷ ಅವರೇ ಮಾತಾಡಿದರು, ನಾವು ಮಾತಾಡಿದ್ದು ಐದು ನಿಮಿಷವೂ ಇರಲಿಕ್ಕಿಲ್ಲ. ಪಿಂಚಣಿ ಪಂಚಾಯಿತಿಯ ಕೈಯಲ್ಲಿಲ್ಲ, ಅದು ಕಂದಾಯ ಇಲಾಖೆಯದು, ನಾಡಕಚೇರಿಗೆ ಹೋಗಬೇಕು, ಮೊದಲು ಆಧಾರ್ ಸರಿ ಮಾಡಿಸಬೇಕು ಅಂತ ಹುಡುಗ ಒಂದು ಚೀಟಿಯಲ್ಲಿ ಬರೆದುಕೊಟ್ಟ. ನಮ್ಮ ಅಭ್ಯರ್ಥಿ ಗೆದ್ದರೆ ಪಿಂಚಣಿ ಕೊಡಿಸುತ್ತಾರೆ ಅಂತ ಹೇಳಲಿಲ್ಲ. ಬೀಳ್ಕೊಡುವಾಗ ಆಯಮ್ಮ ತಾವಾಗಿಯೇ ಕೇಳಿದರು: ‘ನೀವು ಯಾರ ಕಡೆಯೋರು ಅಂದ್ರಿ?’

ಆ ಪ್ರಶ್ನೆ ಬರುವವರೆಗೂ ನೀವು ಓಟಿನ ಮಾತು ಎತ್ತದಿದ್ದರೂ ನಷ್ಟವಿಲ್ಲ. ಅದು ಬರುವುದು ಸಾಮಾನ್ಯವಾಗಿ ಎರಡನೇ ಸಲ, ಕೆಲವು ಮನೆಗಳಲ್ಲಿ ಮೂರನೇ ಸಲ.

ಜಾಗ, ಹೊತ್ತು ಎರಡೂ ನೋಡಿಕೊಳ್ಳಿ. ಬೆಳಗ್ಗೆ ಸಂಜೆ ಹಾಲಿನ ಡೇರಿ ಮುಂದೆ ಕ್ಯಾನ್ ಹಿಡಿದು ಇಡೀ ಊರು ನಿಂತಿರುತ್ತದೆ ನಿಜ, ಆದರೆ ಹತ್ತು ಜನರ ಎದುರು ಯಾರೂ ಮನಸ್ಸು ಬಿಚ್ಚುವುದಿಲ್ಲ. ಅಲ್ಲಿ ನಮಸ್ಕಾರ, ಕ್ಷೇಮ ಸಮಾಚಾರ ಅಷ್ಟೇ ಇರಲಿ. ಗುಂಪು ಕಟ್ಟಿಕೊಂಡು ಮನೆಗೆ ಹೋಗುವುದೂ ಬೇಡ. ಹತ್ತು ಜನ ಅಂಗಳಕ್ಕೆ ಬಂದರೆ ಅದು ಮೆರವಣಿಗೆ, ಇಬ್ಬರು ಬಂದರೆ ಮಾತುಕತೆ.

ಮನೆ ಬಾಗಿಲಿನ ಮಾತು ನಿಜಕ್ಕೂ ಕೆಲಸ ಮಾಡುತ್ತದೆಯೇ ಅನ್ನುವ ಅನುಮಾನ ನಿಮ್ಮ ಪ್ರಶ್ನೆಯಲ್ಲೇ ಇದೆ. ಇದನ್ನು ಅಳೆದು ನೋಡಿದವರಿದ್ದಾರೆ. 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು ನ್ಯೂ ಹೇವನ್ ನಗರದ ಸುಮಾರು 30,000 ಮತದಾರರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರ ಮನೆಗೆ ಜನರನ್ನು ಕಳಿಸಿದರು, ಕೆಲವರಿಗೆ ಅಂಚೆಯಲ್ಲಿ ಪತ್ರ ಹಾಕಿದರು, ಕೆಲವರಿಗೆ ಫೋನ್ ಮಾಡಿಸಿದರು. ಮತಗಟ್ಟೆಗೆ ಬಂದವರ ಪ್ರಮಾಣ ಚೆನ್ನಾಗಿ ಏರಿದ್ದು ಮುಖಾಮುಖಿ ಮಾತಾಡಿಸಿದವರಲ್ಲಿ. ಪತ್ರದಿಂದ ಅಲ್ಪಸ್ವಲ್ಪ, ಸಂಬಳದವರು ಮಾಡಿದ ಫೋನ್ ಕರೆಯಿಂದ ಏನೂ ಇಲ್ಲ. ಆದರೆ ಬಂದು ಯಾರಿಗೆ ಹಾಕುತ್ತಾರೆ ಅನ್ನುವುದನ್ನು ಬದಲಿಸುವುದು ಬೇರೆ ಮಾತು. ಅಂಥ 49 ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಪಕ್ಷಗಳು ಎದುರುಬದುರು ನಿಲ್ಲುವ ಸಾರ್ವತ್ರಿಕ ಚುನಾವಣೆಗಳಲ್ಲಿ ಪ್ರಚಾರದಿಂದ ಆಯ್ಕೆ ಬದಲಾಗುವುದು ಸರಾಸರಿಯಲ್ಲಿ ಹೆಚ್ಚುಕಡಿಮೆ ಸೊನ್ನೆ ಅಂತ ಅದು ಹೇಳಿತು. ಪಕ್ಷದ ಹೆಸರು ದಾರಿ ತೋರಿಸದ ಚುನಾವಣೆಗಳಲ್ಲಿ ಮಾತ್ರ ಮಾತಿಗೆ ಬೆಲೆ ಸಿಕ್ಕಿತ್ತು.

ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಈ ಎರಡನೇ ಜಾತಿಯದು. ಕಾನೂನಿನ ಪ್ರಕಾರ ಇಲ್ಲಿ ಪಕ್ಷದ ಚಿಹ್ನೆ ಇಲ್ಲ. ತೆರೆಮರೆಯಲ್ಲಿ ಪಕ್ಷಗಳಿವೆ ಅನ್ನುವುದು ಊರಿಗೆಲ್ಲ ಗೊತ್ತು, ಆದರೂ ಮತಪತ್ರದಲ್ಲಿ ಇರುವುದು ನಿಮ್ಮ ಅಕ್ಕನ ಹೆಸರು ಮತ್ತು ಆಟೋನೋ ತೆಂಗಿನ ಮರವೋ ಒಂದು ಗುರುತು. ವಿಧಾನಸಭೆಗೆ ಕೆಲಸ ಮಾಡುವ ಸ್ವಯಂಸೇವಕರಿಗೆ ಇಲ್ಲದ ಅನುಕೂಲ ಇದು. ಅಲ್ಲೂ ಒಂದೊಂದು ಓಟು ಲೆಕ್ಕಕ್ಕೆ ಬರುತ್ತದೆ: 2023ರಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಮಾಲೂರು ಕ್ಷೇತ್ರದ ಫಲಿತಾಂಶ ಘೋಷಣೆಯಾದದ್ದು 248 ಓಟಿನ ಅಂತರದಲ್ಲಿ, ಅಂದರೆ ಬೂತಿಗೆ ಹೆಚ್ಚುಕಡಿಮೆ ಒಂದು ಓಟು. ಪಂಚಾಯಿತಿಯಲ್ಲಿ ಸಮ ಸಮ ಬಂದು ಲಾಟರಿ ಎತ್ತುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮದು ಮೂರು ಸ್ಥಾನದ ವಾರ್ಡು ಅನ್ನುವುದನ್ನು ನೀವು ಸರಿಯಾಗಿ ಬಳಸಿಕೊಂಡಿಲ್ಲ ಅನ್ನಿಸುತ್ತದೆ. 400 ಜನಸಂಖ್ಯೆಗೆ ಒಬ್ಬ ಸದಸ್ಯ ಎನ್ನುವುದು ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಲೆಕ್ಕ. ಎಷ್ಟು ಸ್ಥಾನವೋ ಮತದಾರರಿಗೆ ಅಷ್ಟು ಓಟು. ಹಾಗಾಗಿ ‘ನಮ್ಮ ಅಣ್ಣತಮ್ಮಂದಿರಲ್ಲಿ ಒಬ್ಬ ನಿಂತವ್ನೆ, ಅವನಿಗೆ ಹಾಕ್ದೆ ಇರೋಕಾಗಲ್ಲ’ ಅನ್ನುವವರು ನಿಮಗೆ ಕಳೆದುಹೋದವರಲ್ಲ. ‘ಹಾಕಿ, ಅದು ನಿಮ್ಮ ಸಂಬಂಧ. ಇನ್ನೆರಡು ಓಟು ಇದೆಯಲ್ಲ, ಅದರಲ್ಲಿ ಒಂದು ಅಕ್ಕನಿಗೆ ಯೋಚನೆ ಮಾಡಿ’ ಅನ್ನಿ. ಜಾತಿಯ ಓಟು, ನೆಂಟರ ಓಟು ಹೋದ ಮೇಲೆ ಉಳಿಯುವ ಈ ಮೂರನೇ ಓಟನ್ನು ಜನ ನಿಜವಾಗಿ ತಮ್ಮ ಇಷ್ಟದಂತೆ ಹಾಕುತ್ತಾರೆ. ನನ್ನ ಅನುಭವದಲ್ಲಿ ಹಣವಿಲ್ಲದ ಒಳ್ಳೆಯ ಅಭ್ಯರ್ಥಿಗಳು ಗೆದ್ದಿರುವುದು ಹೆಚ್ಚಾಗಿ ಇದರಿಂದ.

ಎಲ್ಲ ಮನೆಗಳಲ್ಲೂ ನಿಮಗೆ ಒಂದು ಪ್ರಶ್ನೆ ಎದುರಾಗುತ್ತದೆ, ಈಗಾಗಲೇ ಆಗಿರಬೇಕು: ‘ಗೆದ್ದ ಮೇಲೆ ನಡೆಸೋದು ಅವರ ಯಜಮಾನ್ರೇ ತಾನೆ?’ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿರುವ ಪಂಚಾಯಿತಿಗಳಲ್ಲಿ ಜನ ಇದನ್ನು ಕಂಡೇ ಕೇಳುತ್ತಿದ್ದಾರೆ, ಕೊಂಕು ಅಂದುಕೊಳ್ಳಬೇಡಿ. ಇದಕ್ಕೆ ನೀವು ಕೊಡುವ ಯಾವ ಉತ್ತರವೂ ಸಾಲದು. ಅಕ್ಕನೇ ಬರಬೇಕು, ಅಕ್ಕನೇ ಮಾತಾಡಬೇಕು, ಯಜಮಾನರು ಆ ಹೊತ್ತಿಗೆ ತೋಟದಲ್ಲಿರಬೇಕು. ಎಲ್ಲ ಮನೆಗೂ ಅವರಿಗೆ ಹೋಗಲಾಗದಿದ್ದರೆ ನಿಮ್ಮ ಪುಸ್ತಕದ ‘ಗೊತ್ತಾಗಲಿಲ್ಲ’ ಅನ್ನುವ ಮನೆಗಳಿಗಾದರೂ ಹೋಗಲಿ. ನೀರು, ಬೀದಿ ದೀಪ, ಚರಂಡಿ, ಇ-ಸ್ವತ್ತು, ಮನೆ ಹಂಚಿಕೆಯ ಫಲಾನುಭವಿ ಪಟ್ಟಿ ಇವುಗಳ ಬಗ್ಗೆ ತನಗೇನು ಗೊತ್ತು, ಏನು ಮಾಡಬಲ್ಲೆ ಅಂತ ಅವರ ಬಾಯಿಂದಲೇ ಬರಲಿ. ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಆಗಬೇಕು. ‘ನಾನು ಆ ಸಭೆಯನ್ನು ಅರಳಿಕಟ್ಟೆ ಮೇಲೆ ನಿಮ್ಮೆದುರು ಕರೀತೀನಿ, ಲೆಕ್ಕ ಓದ್ತೀನಿ’ ಅನ್ನುವ ಒಂದು ಮಾತು ಹತ್ತು ಆಶ್ವಾಸನೆಗೆ ಸಮ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗಳಿಗೆ ಹರಿಸುವ ಎಚ್.ಎನ್. ವ್ಯಾಲಿ ಯೋಜನೆಯ ನೀರಿನಿಂದ ನಮ್ಮೂರ ಕೆರೆ ತುಂಬಿಸುತ್ತೇನೆ ಅಂತ ಮಾತ್ರ ಹೇಳಿಸಬೇಡಿ. ಅದು ಪಂಚಾಯಿತಿ ಮೆಂಬರ ಕೈಯಲ್ಲಿಲ್ಲ, ಕೇಳುವ ರೈತರಿಗೆ ಅದು ಚೆನ್ನಾಗಿ ಗೊತ್ತು.

ಈಗ ದುಡ್ಡಿನ ಮಾತು. ಹಂಚುವವರು ಹಂಚುತ್ತಾರೆ. ದುಡ್ಡು ಕೊಡುವುದೂ ಅಪರಾಧ, ಓಟಿಗಾಗಿ ದುಡ್ಡು ಪಡೆಯುವುದೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 170ನೇ ಸೆಕ್ಷನ್ ಇಬ್ಬರನ್ನೂ ಸೇರಿಸಿ ಹೇಳುತ್ತದೆ. ಕೆಲವರು ‘ಅವರ ದುಡ್ಡು ಇಸ್ಕೊಳ್ಳಿ, ಓಟು ನಮಗೆ ಹಾಕಿ’ ಅಂತ ಹೇಳಿಕೊಡುತ್ತಾರೆ. ನೀವು ಹಾಗೆ ಹೇಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಕಾನೂನು ಒಂದು ಕಡೆ ಇರಲಿ, ನಮ್ಮ ಜನ ಒಬ್ಬರಿಂದ ಇಸ್ಕೊಂಡು ಇನ್ನೊಬ್ಬರಿಗೆ ಹಾಕಲು ನಿಜಕ್ಕೂ ಸಂಕಟಪಡುತ್ತಾರೆ. ಅದು ಅವರ ಒಳ್ಳೆಯತನ, ಅದನ್ನು ಮುರಿಯಲು ನೀವು ಹೋಗಬಾರದು. ಹಂಚುವವರಿಗೂ ಈ ಸಂಕಟ ಗೊತ್ತು. ಅದಕ್ಕೇ ಹಾಲು ಮುಟ್ಟಿಸಿ, ದೇವರ ಫೋಟೊ ಹಿಡಿಸಿ ಆಣೆ ಮಾಡಿಸುವುದು. ದೇವರ ಸಿಟ್ಟಿಗೆ ಗುರಿಯಾಗುತ್ತೀರಿ ಅಂತ ಮತದಾರರನ್ನು ನಂಬಿಸಿ ಓಟು ಕಟ್ಟಿಹಾಕುವುದನ್ನು ಅದೇ ಸಂಹಿತೆಯ 171ನೇ ಸೆಕ್ಷನ್ ಅನುಚಿತ ಪ್ರಭಾವ ಅಂತ ಕರೆದು ಅಪರಾಧ ಅನ್ನುತ್ತದೆ. ಹೆದರಿಸಿ ಮಾಡಿಸಿದ ಆಣೆ ಮಾಡಿಸಿದವರ ತಪ್ಪೇ ಹೊರತು ಮುಟ್ಟಿದವರದಲ್ಲ ಅಂತ ವಯಸ್ಸಾದವರಿಗೆ ಮೊದಲೇ, ದುಡ್ಡು ಊರಿಗೆ ಬರುವ ಮುಂಚೆಯೇ, ಮೆಲ್ಲಗೆ ಹೇಳಿ. ಕೊನೆಯ ರಾತ್ರಿ ಹೇಳಿದರೆ ಅದೂ ಪ್ರಚಾರದ ಹಾಗೆ ಕೇಳಿಸುತ್ತದೆ.

ಇದರ ಜೊತೆಗೇ ಬರುವ ಭಯ, ಯಾರಿಗೆ ಹಾಕಿದೆವು ಅಂತ ಗೊತ್ತಾಗುತ್ತದೆ ಅನ್ನುವುದು. ಇದರಲ್ಲಿ ನಿಜ ಎಷ್ಟೋ ಅಷ್ಟನ್ನೇ ಹೇಳಿ. ಒಂದು ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವ ಮೊತ್ತ ಹೊರಗೆ ಬರುತ್ತದೆ. ನಿಮ್ಮ ವಾರ್ಡು ಚಿಕ್ಕದು, ಮೊತ್ತ ನೋಡಿ ಊಹೆ ಮಾಡುವವರು ಇರುತ್ತಾರೆ. ಒಬ್ಬ ವ್ಯಕ್ತಿ ಹಾಕಿದ ಓಟು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ನೀವೂ ಯಾರನ್ನೂ ‘ಯಾರಿಗೆ ಹಾಕ್ದ್ರಿ’ ಅಂತ ಕೇಳಬೇಡಿ, ಸ್ವಂತ ಚಿಕ್ಕಮ್ಮನನ್ನೂ ಕೂಡ.

2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಉಳಿದೆಲ್ಲ ಕಡೆ ಬ್ಯಾಲೆಟ್ ಪೇಪರ್ ಇತ್ತು. ಬ್ಯಾಲೆಟ್ ಪೇಪರ್ ಅಂದರೆ ತಿರಸ್ಕೃತ ಓಟಿನ ಅಪಾಯ ಇದ್ದೇ ಇರುತ್ತದೆ. ಮತಯಂತ್ರದ ಗುಂಡಿ ಒತ್ತಿ ಅಭ್ಯಾಸವಾದವರು ಸೀಲನ್ನು ಎರಡು ಗುರುತಿನ ಮಧ್ಯದ ಗೆರೆ ಮೇಲೆ ಒತ್ತುತ್ತಾರೆ, ಇಲ್ಲವೇ ಇರುವ ಸ್ಥಾನಕ್ಕಿಂತ ಹೆಚ್ಚು ಕಡೆ ಒತ್ತುತ್ತಾರೆ. ನಿಮ್ಮ ಕಡೆಗೆ ಒಲಿದ ಅಜ್ಜಿಯ ಓಟು ಹೀಗೆ ಕಸದ ಬುಟ್ಟಿಗೆ ಹೋದರೆ ಹೊಟ್ಟೆ ಉರಿಯುತ್ತದೆ. ಬ್ಯಾಲೆಟ್ ಪೇಪರ್ ಅಂತ ಖಚಿತವಾದರೆ ಒಂದು ಖಾಲಿ ಹಾಳೆಯಲ್ಲಿ ಚೌಕ ಹಾಕಿ ತೋರಿಸಿಕೊಡಿ.

ಪ್ರಚಾರ ಮುಗಿದ ಮೇಲಿನ 48 ಗಂಟೆ ಸುಮ್ಮನಿರಿ. ಮತದಾನದ ದಿನ ಮತಗಟ್ಟೆಯ 100 ಮೀಟರ್ ಒಳಗೆ ಓಟು ಕೇಳುವಂತಿಲ್ಲ, ಗಾಡಿ ಮಾಡಿ ಮತದಾರರನ್ನು ತುಂಬಿಕೊಂಡು ಬರುವುದೂ ಅಕ್ರಮ.

ಕೊನೆಯದಾಗಿ, ನೀವು ವಾರವೆಲ್ಲ ಬೆಂಗಳೂರಿನಲ್ಲಿರುತ್ತೀರಿ ಅನ್ನುವುದನ್ನು ಕೊರತೆ ಅಂದುಕೊಂಡಿರಬಹುದು. ನನಗೆ ಅದು ನಿಮ್ಮ ದೊಡ್ಡ ಬಲವಾಗಿ ಕಾಣುತ್ತದೆ. ನಿಮ್ಮ ವಾರ್ಡಿನ ಪಟ್ಟಿಯಲ್ಲಿ ಯಲಹಂಕ, ಪೀಣ್ಯ, ದೇವನಹಳ್ಳಿ ಕಡೆ ದುಡಿಯುವ ನಲವತ್ತೋ ಐವತ್ತೋ ಹೆಸರು ಇದ್ದೇ ಇರುತ್ತವೆ. ಊರಿನ ಗುಂಪುಗಾರಿಕೆಯಿಂದ ದೂರವಿರುವ ಇವರು ಮನಸ್ಸು ಮಾಡದವರೂ ಹೌದು, ಓಟಿಗೆ ಬಾರದೆ ಉಳಿಯುವವರೂ ಹೌದು. ಊರಿನಲ್ಲಿರುವ ಸ್ನೇಹಿತರ ಕೈಗೆ ಇವರು ಸಿಗುವುದಿಲ್ಲ, ನಿಮಗೆ ಸಿಗುತ್ತಾರೆ. ವಾಟ್ಸಾಪ್ ಗ್ರೂಪಿಗೆ ಪೋಸ್ಟರ್ ಕಳಿಸಿದರೆ ಸಾಲದು, ಸಂಜೆ ಡ್ಯೂಟಿ ಬಿಟ್ಟ ಮೇಲೆ ಅವರಿರುವ ಕಡೆ ಹೋಗಿ ಒಂದು ಟೀ ಕುಡಿಯಿರಿ. ಹೋಗಲಾಗದಿದ್ದರೆ ಫೋನ್ ಮಾಡಿ. ನ್ಯೂ ಹೇವನ್‌ನಲ್ಲಿ ಫಲಿಸದೆ ಹೋದದ್ದು ಗುರುತಿಲ್ಲದವರ ಕರೆ; ನಿಮ್ಮದು ಪಕ್ಕದ ಬೀದಿಯ ದನಿ.

ಏನು ಕೇಳಬೇಕು ಅನ್ನುವುದಕ್ಕೂ ಒಂದು ಆಧಾರವಿದೆ. 2008ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮತದಾರರಿಗೆ ಫೋನ್ ಮಾಡಿ ‘ಎಷ್ಟು ಹೊತ್ತಿಗೆ ಹೋಗುತ್ತೀರಿ, ಎಲ್ಲಿಂದ ಹೊರಡುತ್ತೀರಿ, ಅದಕ್ಕೆ ಮುಂಚೆ ಏನು ಮಾಡುತ್ತಿರುತ್ತೀರಿ’ ಎಂದು ಕೇಳಿದ್ದಕ್ಕೇ ಮತದಾನದ ಪ್ರಮಾಣ ಸುಮಾರು 4 ಶೇಕಡಾ ಅಂಶ ಏರಿತ್ತು. ‘ತಪ್ಪದೆ ಬನ್ನಿ’ ಅಂದರೆ ಎಲ್ಲರೂ ‘ಬರ್ತೀವಿ’ ಅಂತಾರೆ. ನೀವು ಹೀಗೆ ಕೇಳಿ: ಅವತ್ತು ಕಂಪನಿಯಲ್ಲಿ ರಜೆ ಕೊಡ್ತಾರಾ, ಸೂಪರ್‌ವೈಸರನ್ನು ಯಾವತ್ತು ಕೇಳ್ತೀಯ? ಹಿಂದಿನ ರಾತ್ರಿಯೇ ಊರಿಗೆ ಹೊರಡ್ತೀಯ, ಬೆಳಗ್ಗೆ ಬರ್ತೀಯ? ಶಿಡ್ಲಘಟ್ಟದಲ್ಲಿ ಇಳಿದ ಮೇಲೆ ಊರಿನ ಬಸ್ಸು ಎಷ್ಟೊತ್ತಿಗೆ? ಜೊತೆಗೆ ಯಾರ‍್ಯಾರು ಬರ್ತಿದ್ದೀರ? ಅವರು ಹೇಳಿದ ಬಸ್ಸು, ಹೊತ್ತು ಎರಡನ್ನೂ ಹೆಸರಿನ ಮುಂದೆ ಬರೆದುಕೊಳ್ಳಿ. ಅವತ್ತು ಆ ಹೊತ್ತು ಮೀರಿ ಅರ್ಧ ಗಂಟೆಯಾದ ಮೇಲೂ ಊರಲ್ಲಿ ಮುಖ ಕಾಣದಿದ್ದರೆ ಒಂದೇ ಒಂದು ಫೋನ್ ಮಾಡಿ, ‘ಎಲ್ಲಿದ್ದೀಯಪ್ಪ, ಬಸ್ಸು ಸಿಕ್ತಾ?’ ಅಂತ.